ಇಲ್ಲಿ ಕೈ ಕೊಡೋದು ಅಂದ್ರೆ ಮೋಸ ಅಲ್ಲ

ಕನ್ನಡದಲ್ಲಿ ‘ಕೈ ಕೊಟ್ಟ’ ಅಂದರೆ ನಂಬಿಸಿ ನಡುನೀರಲ್ಲಿ ಬಿಟ್ಟ ಎಂದರ್ಥ. ಜರ್ಮನ್ ಭಾಷೆಯಲ್ಲಿ ‘ಡೀ ಹಾಂಡ್ ಗೇಬೆನ್’, ಅಂದರೆ ಕೈ ಕೊಡುವುದು, ಬರೀ ನಮಸ್ಕಾರ. ಈ ಎರಡರ ನಡುವೆ ಸಿಕ್ಕಿ ಒದ್ದಾಡಿದವರು ನಾವೆಲ್ಲ.

ನಮ್ಮಲ್ಲೊಬ್ಬರ ಕತೆ ಕೇಳಿ. ಮೊದಲ ಸೆಮಿಸ್ಟರ್‌ನಲ್ಲಿ ಪಾರ್ಟ್‌ಟೈಮ್ ಕೆಲಸಕ್ಕೆ ಇಂಟರ್‌ವ್ಯೂ. ಬಾಗಿಲಲ್ಲೇ ಮೇಡಂ ಕೈ ಚಾಚಿದರು. ಇವರು ಬೆರಳ ತುದಿ ಮುಟ್ಟಿಸಿ, ನೆಲ ನೋಡುತ್ತಾ ನಿಂತರು. ದೊಡ್ಡವರ ಮುಖ ದಿಟ್ಟಿಸಿ ನೋಡಬಾರದು ಅಂತ ತಾನೇ ಮನೆಯಲ್ಲಿ ಹೇಳಿಕೊಟ್ಟಿದ್ದು! ಕೆಲಸ ಸಿಗಲಿಲ್ಲ. ಅದೇ ಕಾರಣ ಅಂತ ಹೇಳೋಕಾಗಲ್ಲ. ಆದರೆ ಆಮೇಲೆ ಇಲ್ಲಿನ ಗೆಳತಿಯೊಬ್ಬಳು ಹೇಳಿದಳು: “ಕಣ್ಣು ತಪ್ಪಿಸಿದರೆ ಏನೋ ಮುಚ್ಚಿಡ್ತಿದ್ದಾರೆ ಅನ್ಸುತ್ತೆ.” ನಾವು ಕೊಟ್ಟ ಮರ್ಯಾದೆ ಅವರಿಗೆ ಅನುಮಾನವಾಗಿ ಕಂಡಿತ್ತು.

ಹಾಗಾದರೆ ಹೇಗೆ? ಕೂತಿದ್ದರೆ ಎದ್ದು ನಿಲ್ಲಿ. ಎಡಗೈ ಜೇಬಿನಿಂದ ಹೊರಗಿರಲಿ. ಬಲಗೈಯ ಪೂರ್ತಿ ಅಂಗೈ ಕೊಟ್ಟು, ಕಣ್ಣು ನೋಡಿ, ಹೆಸರು ಹೇಳಿ, ಒಂದೆರಡು ಸಲ ಕುಲುಕಿ ಬಿಟ್ಟುಬಿಡಿ. ಕೈ ಹಿಡಿದುಕೊಂಡೇ ಊರಿನ ಸಮಾಚಾರವೆಲ್ಲ ಕೇಳೋ ನಮ್ಮ ಕಡೆಯ ಪ್ರೀತಿ ಇಲ್ಲಿ ಬೇಡ. ಆಫೀಸಿನಲ್ಲಿ ಮೇಲಿನ ಹುದ್ದೆಯವರು, ಮನೆಗಳಲ್ಲಿ ಹಿರಿಯರು ಮೊದಲು ಕೈ ಚಾಚುವುದು ವಾಡಿಕೆ. ಇಬ್ಬರು ಕುಲುಕುತ್ತಿರುವಾಗ ಅವರ ಕೈ ಮೇಲಿಂದ ಅಡ್ಡ ಚಾಚಬಾರದು, ಅಪಶಕುನವಂತೆ. ಬೆಕ್ಕು ಅಡ್ಡ ಬಂದರೆ ನಿಲ್ಲೋ ಜನ ನಾವು, ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಯರ್ ಮೇಜಿನ ಸುತ್ತ ಹತ್ತು ಜನ ಕೂತಿದ್ದರೆ ಬೆರಳ ಗೆಣ್ಣಿನಿಂದ ಮೇಜು ಕುಟ್ಟಿದರೆ ಸಾಕು, ಎಲ್ಲರಿಗೂ ಸೇರಿ ಒಂದೇ ನಮಸ್ಕಾರ. ಲೆಕ್ಚರ್ ಮುಗಿದಾಗ ಡೆಸ್ಕ್ ಕುಟ್ಟುವುದು ಬೇರೆ, ಅದು ಚಪ್ಪಾಳೆ. ಮೊದಲ ದಿನ ನಾವು ಗಲಾಟೆ ಅಂದುಕೊಂಡಿದ್ದೆವು!

ಆಯುಧವಿಲ್ಲ ಎಂದು ತೋರಿಸಲು ಕೈಕುಲುಕುವುದು ಶುರುವಾಯಿತು ಅನ್ನೋ ಕತೆ ಎಲ್ಲರೂ ಹೇಳುತ್ತಾರೆ. ನಮಗೆ ಅದಕ್ಕಿಂತ ಒಪ್ಪಂದದ ಅರ್ಥವೇ ಗಟ್ಟಿ ಅನಿಸುತ್ತದೆ. ಕ್ರಿ.ಪೂ. 9ನೇ ಶತಮಾನದ ಅಸ್ಸೀರಿಯಾದ ಕೆತ್ತನೆಯೊಂದರಲ್ಲಿ ದೊರೆ ಮೂರನೇ ಶಲ್ಮನೇಸರ್ ಬ್ಯಾಬಿಲೋನಿನ ದೊರೆಯ ಕೈ ಹಿಡಿದಿದ್ದಾನೆ. 1946ರಲ್ಲಿ ಎರಡು ಪಕ್ಷಗಳು ಕೂಡಿ ಹುಟ್ಟಿದ, ಮುಂದೆ ಪೂರ್ವ ಜರ್ಮನಿಯನ್ನು ಆಳಿದ ಪಕ್ಷದ ಲಾಂಛನದಲ್ಲೂ ಹಿಡಿದ ಎರಡು ಕೈಗಳೇ. ನಮ್ಮ ದನದ ಜಾತ್ರೆಗಳಲ್ಲಿ ಟವೆಲ್ ಅಡಿ ಬೆರಳು ಹಿಡಿದು ಎತ್ತಿನ ಬೆಲೆ ಕುದುರಿಸುತ್ತಾರಲ್ಲ, ಅಲ್ಲೂ ಮಾತು ನಿಲ್ಲುವುದು ಕೈಯಲ್ಲೇ.

2020ರ ಮಾರ್ಚ್‌ನಲ್ಲಿ, ಕೊರೋನಾ ಶುರುವಾದಾಗ, ಚಾನ್ಸೆಲರ್ ಆಂಗೆಲಾ ಮರ್ಕೆಲ್ ಚಾಚಿದ ಕೈಯನ್ನು ಅವರದೇ ಗೃಹಮಂತ್ರಿ ಹೋರ್ಸ್ಟ್ ಜೇಹೋಫರ್ ನಗುತ್ತಾ ಬೇಡವೆಂದರು. ಅಂದಿನಿಂದ ಕೆಲವರು ಕೈ ಕೊಡುವುದನ್ನೇ ಬಿಟ್ಟಿದ್ದಾರೆ. ಧರ್ಮದ ಕಾರಣಕ್ಕೆ ಕೊಡದವರೂ ಇದ್ದಾರೆ. ಹಾಗಾಗಿ ಒಂದು ಕ್ಷಣ ಕಾದು ನೋಡಿ. ನಿಮಗೇ ಇಷ್ಟವಿಲ್ಲದಿದ್ದರೆ ಎದೆ ಮೇಲೆ ಕೈಯಿಟ್ಟು, ಕಣ್ಣು ನೋಡಿ ನಕ್ಕರೂ ನಡೆಯುತ್ತೆ.

ಕಳೆದ ಬೇಸಿಗೆಯಲ್ಲಿ ನಮ್ಮಲ್ಲೊಬ್ಬರ ಅಮ್ಮ ಬಂದಿದ್ದರು. ಮನೆ ಓನರ್ ಅಜ್ಜಿ ಕೈ ಚಾಚಿದರು, ಅಮ್ಮ ಕೈ ಮುಗಿದರು. ಅಜ್ಜಿ ತಡವರಿಸಿ ಕೈ ಮುಗಿಯುವಷ್ಟರಲ್ಲಿ ಅಮ್ಮ ಕೈ ಚಾಚಿ ಆಗಿತ್ತು. ಮೂರನೇ ಸಲಕ್ಕೆ ಇಬ್ಬರೂ ನಕ್ಕುಬಿಟ್ಟರು.