ಪೋಲಿಯೊ ಹನಿಗೆ ಮುಂಚೆ ಅಜ್ಜಿಯನ್ನೊಂದು ಮಾತು ಕೇಳಿ

ಕುಮಾರ ಪಾರ್ಕಿನ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಪಲ್ಸ್ ಪೋಲಿಯೊ ಭಾನುವಾರ ಹತ್ತಿರ ಬಂತೆಂದರೆ ಒಂದು ಮೆಸೇಜ್ ಬಂದೇ ಬರುತ್ತೆ: 'ಹನಿಯಿಂದಲೇ ಪೋಲಿಯೊ ಬರುತ್ತಂತೆ, ನಿಜಾನಾ?' ಕೆಲವರು 'ಎಲ್ಲಾ ಸುಳ್ಳು' ಅಂತಾರೆ. ಕೆಲವರು ಹೆದರಿ ಮಗುವನ್ನು ಬೂತಿಗೇ ಕರೆದುಕೊಂಡು ಹೋಗಲ್ಲ. ಎರಡೂ ಸರಿಯಲ್ಲ. ಆ ಮಾತಿನಲ್ಲಿ ಒಂದು ಸಣ್ಣ ಸತ್ಯ ಇದೆ.

ಹನಿಯಲ್ಲಿ ಏನಿದೆ?

ಶಕ್ತಿ ಕುಂದಿಸಿದ, ಆದರೆ ಜೀವಂತ ವೈರಸ್. ಅದು ಮಗುವಿನ ಕರುಳಿನಲ್ಲಿ ಬೆಳೆದು, ರೋಗನಿರೋಧಕ ಶಕ್ತಿಯನ್ನು ಎಬ್ಬಿಸಿ, ಕೆಲವು ವಾರಗಳಲ್ಲಿ ಮಲದ ಜೊತೆ ಹೊರಗೆ ಹೋಗುತ್ತೆ. ಭಾರತ ಪೋಲಿಯೊ ಗೆದ್ದದ್ದು ಮುಖ್ಯವಾಗಿ ಈ ಹನಿಯಿಂದಲೇ. ನಮ್ಮಲ್ಲಿ ಕೊನೆಯ ಕಾಡು ಪೋಲಿಯೊ ಕಾಣಿಸಿದ್ದು 2011ರ ಜನವರಿಯಲ್ಲಿ, ಹೌರಾದಲ್ಲಿ.

ಆದರೆ ಅಪರೂಪಕ್ಕೆ ಕೆಲವು ಮಕ್ಕಳು ಹುಟ್ಟುವಾಗಲೇ ಪ್ರತಿಕಾಯ ತಯಾರಿಸುವ ಶಕ್ತಿ ಇಲ್ಲದೆ ಹುಟ್ಟುತ್ತವೆ. ಅಂಥ ಮಗುವಿನ ಕರುಳಿನಲ್ಲಿ ವೈರಸ್ ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯಬಹುದು. ಉಳಿದಷ್ಟೂ ರೂಪ ಬದಲಿಸುತ್ತೆ. ನರಗಳ ಮೇಲೆ ದಾಳಿ ಮಾಡುವ ಹಳೇ ಗುಣ ಮತ್ತೆ ಬರಬಹುದು. ಬ್ರಿಟನ್ನಿನ ಒಬ್ಬ ವ್ಯಕ್ತಿಯ ಮಲದಲ್ಲಿ 28 ವರ್ಷ ಇಂಥ ವೈರಸ್ ಹೋಗುತ್ತಲೇ ಇತ್ತು ಅಂತ 2015ರಲ್ಲಿ ವರದಿಯಾಯಿತು.

ತೊಡಕು ಇರುವುದು ಇಲ್ಲಿ

ನಮ್ಮಲ್ಲಿ ಮೊದಲ ಹನಿ ಮತ್ತು ಬಿಸಿಜಿ, ಎರಡೂ ಮಗು ಹುಟ್ಟಿದ ಕೂಡಲೇ. ಕೊರತೆ ಗೊತ್ತಾಗೋದು ವಾರಗಳೋ ತಿಂಗಳುಗಳೋ ಕಳೆದ ಮೇಲೆ. ಎಲ್ಲ ಶಿಶುಗಳಿಗೂ ಇದರ ರಕ್ತಪರೀಕ್ಷೆ ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಆ ದಿನ ನಮ್ಮ ಕೈಲಿರುವ ಸುಳಿವು ಮನೆತನದ ನೆನಪೊಂದೇ.

ನಾನು ನಮ್ಮಜ್ಜಿಯನ್ನು ಕೇಳಿದೆ, 'ನಮ್ಮ ಮನೇಲಿ ಉಳಿಯದೇ ಹೋದ ಮಕ್ಕಳು ಯಾರಾದ್ರೂ ಇದ್ರಾ ಅಜ್ಜಿ?' ಯಾರ ಮಗು, ಎಷ್ಟು ತಿಂಗಳಿಗೆ, ಯಾವ ಹಬ್ಬದ ಹಿಂದೆಮುಂದೆ, ಎಲ್ಲಾ ಹೇಳಿದರು. ಯಾವ ಆಸ್ಪತ್ರೆಯ ಫೈಲಿನಲ್ಲೂ ಇಲ್ಲದ ದಾಖಲೆ ಅದು.

ನೀವೂ ಹೆರಿಗೆಗೆ ಮುಂಚೆ ಕೇಳಿ:

• ನ್ಯುಮೋನಿಯಾ, ಭೇದಿ, ಸೋಂಕು ಅಂತ ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳಿದ್ದಾರಾ?
• ತಾಯಿಯ ಕಡೆ ಗಂಡುಮಕ್ಕಳೇ ಹೀಗೆ ಹೋದದ್ದುಂಟಾ? ಒಂದು ಬಗೆಯ ಕೊರತೆ ತಾಯಿಯಿಂದ ಗಂಡುಮಕ್ಕಳಿಗೆ ಬರುತ್ತೆ.
• ಸೋದರಮಾವನ ಜೊತೆಗೋ ಅತ್ತೆ ಮಗನ ಜೊತೆಗೋ ಆದ ಮದುವೆಯಾ? ಕೆಲವು ಕೊರತೆಗಳ ಸಾಧ್ಯತೆ ಇಂಥಲ್ಲಿ ಹೆಚ್ಚು.

ಮೊದಲೆರಡರಲ್ಲಿ ಒಂದಕ್ಕೆ 'ಹೌದು' ಅಂದರೂ ಲಸಿಕೆಗೆ ಮುಂಚೆಯೇ ಮಕ್ಕಳ ಡಾಕ್ಟರಿಗೆ ಹೇಳಿ. ಸೋದರಿಕೆ ಮದುವೆ ಒಂದೇ ಆದರೆ ಹನಿ ನಿಲ್ಲಿಸಬೇಕಿಲ್ಲ, ಮಾಹಿತಿ ಕೊಡಿ ಸಾಕು. ಅನುಮಾನ ಬಂದರೆ ಡಾಕ್ಟರು ಹನಿ, ಬಿಸಿಜಿ, ರೋಟಾವೈರಸ್ ಮೂರನ್ನೂ ತಡೆದು ರಕ್ತಪರೀಕ್ಷೆ ಮಾಡಿಸುತ್ತಾರೆ. ಪೋಲಿಯೊ ಇಂಜೆಕ್ಷನ್ನಿನಲ್ಲಿರುವುದು ಸತ್ತ ವೈರಸ್, ಅದರಿಂದ ಈ ಅಪಾಯ ಇಲ್ಲ. ಕೊರತೆ ಖಚಿತವಾದರೆ ಅಣ್ಣ-ಅಕ್ಕಂದಿರಿಗೂ ಹನಿ ಬೇಡ, ಇಂಜೆಕ್ಷನ್ನೇ ಸರಿ.

ಹನಿ ಆಗಲೇ ಹಾಕಿಸಿಯಾಗಿದ್ದರೆ? ಮಲದ ಪರೀಕ್ಷೆ ಮಾಡಿಸಬಹುದು. ದೇಶದ ಪೋಲಿಯೊ ಪ್ರಯೋಗಾಲಯಗಳಲ್ಲಿ ಒಂದು ಬೆಂಗಳೂರಿನಲ್ಲೇ ಇದೆ. ಡಯಾಪರ್ ಬದಲಿಸಿದ ಮೇಲೆ ಸೋಪಿನಲ್ಲಿ ಕೈ ತೊಳೆಯೋದನ್ನು ಮರೀಬೇಡಿ. ಕೊರತೆಗೆ ಇಮ್ಯುನೊಗ್ಲಾಬ್ಯುಲಿನ್, ಅಸ್ಥಿಮಜ್ಜೆ ಕಸಿಯಂಥ ಚಿಕಿತ್ಸೆಗಳೂ ಇವೆ.

ಉಳಿದ ಮಕ್ಕಳಿಗೆಲ್ಲ ಹನಿ ಬೇಕೇ ಬೇಕು. ಲಸಿಕೆ ತಡೆದುಕೊಳ್ಳಲಾಗದ ಆ ಒಂದು ಮಗುವಿಗೆ ಸುತ್ತಲಿನ ಮಕ್ಕಳ ಲಸಿಕೆಯೇ ರಕ್ಷಣೆ. ಗ್ರೂಪಿನಲ್ಲಿ ಮುಂದಿನ ಸಲ ಆ ಮೆಸೇಜ್ ಬಂದಾಗ ನಾನು ಮೇಲಿನ ಮೂರು ಪ್ರಶ್ನೆಗಳನ್ನು ಹಾಕ್ತೀನಿ.