ತೆಳುವಾದ ಮೈಕಾ ಹಾಳೆಯಲ್ಲಿ ರಂಧ್ರ ಕೊರೆಯುವ ಕ್ರಮ

ಗೃಹಕೃತ್ಯದಲ್ಲಿ ಅಲ್ಪವೆಂದು ತೋರುವ ಕೆಲಸವೇ ಕೆಲವು ವೇಳೆ ಹೆಚ್ಚಿನ ನಷ್ಟಕ್ಕೆ ಕಾರಣವಾಗುವುದು. ಹಾಳೆಯೊಂದಕ್ಕೆ ರಂಧ್ರ ಕೊರೆಯುವುದರಲ್ಲಿ ಶಾಸ್ತ್ರವೇನಿದೆಯೆಂದು ನಾನೂ ಭಾವಿಸಿದ್ದೆನು. ಆ ಭ್ರಾಂತಿಯು ಕಳೆದ ಬೇಸಗೆಯಲ್ಲಿ, ತಾಯಲೂರಿನ ನಮ್ಮ ಮನೆಯ ಜಗುಲಿಯಲ್ಲಿ, ನಿವೃತ್ತವಾಯಿತು.

ನನ್ನ ಪುಸ್ತಕದ ಬೀರುವಿನ ಬಾಗಿಲ ಹಲಗೆಗಳಿಗೆ ಗೆದ್ದಲು ಹತ್ತಿತ್ತು. ಅವುಗಳನ್ನು ತೆಗೆದು, ಚೌಕಟ್ಟಿನ ಮೇಲೆ 1 ಮಿಲಿಮೀಟರು ದಪ್ಪದ ಮೈಕಾ ಹಾಳೆಯನ್ನು ತಿರುಪುಮೊಳೆಗಳಿಂದ ಕೂಡಿಸಬೇಕೆಂದು ಮುಳಬಾಗಿಲಿನಿಂದ ಹಾಳೆಯನ್ನು ತರಿಸಿದೆನು. ಕೆಲಸಕ್ಕೆ ಬಂದವನು ಹಿಂದೆ ನನ್ನಲ್ಲಿ ಓದಿದ ತರುಣ ಬಡಗಿ. ಗುರುತುಗಳನ್ನು ಹಾಳೆಯ ಬೆನ್ನಿನ ಮೇಲೆ ಹಾಕಿ, ಎರಡು ಮಣೆಗಳ ನಡುವೆ ಅದನ್ನು ಬೋರಲಿಟ್ಟು, ವಿದ್ಯುತ್ ಬೈರಿಗೆಯನ್ನು ಒತ್ತಿದನು. ಎರಡನೆಯ ರಂಧ್ರದಲ್ಲಿಯೇ ಬಣ್ಣದ ಮುಖವು ಹೆಬ್ಬೆರಳ ಉಗುರಿನಷ್ಟು ಸಿಡಿದುಹೋಯಿತು. "ಈ ದಿನದ ಕೂಲಿಯಲ್ಲಿ ಹಿಡಿದುಕೊಳ್ಳಿ, ಮೇಷ್ಟರೇ" ಎಂದು ಅವನು ತಲೆ ತಗ್ಗಿಸಿದನು. ತಪ್ಪು ಕೈಯದೋ ಕ್ರಮದ್ದೋ ಎಂದು ವಿಚಾರಿಸದೆ ದಂಡ ವಿಧಿಸುವುದು ಉಪಾಧ್ಯಾಯನಿಗೆ ಸಲ್ಲದು. ಆದುದರಿಂದ ಉಳಿದ ತುಂಡುಗಳ ಮೇಲೆ ಇಬ್ಬರೂ ಪರೀಕ್ಷೆಗೆ ಕುಳಿತೆವು.

ಮೊದಲು ವಸ್ತುವಿನ ಸ್ವಭಾವವನ್ನರಿಯಬೇಕು. ಹೆಸರು ಮೈಕಾ ಆದರೂ ಇದರಲ್ಲಿ ಅಭ್ರಕವಿಲ್ಲ. ಅಮೆರಿಕಾ ದೇಶದ ಪಿಟ್ಸ್‌ಬರ್ಗಿನಲ್ಲಿ 1912ರಲ್ಲಿ ಓಕಾನರ್ ಮತ್ತು ಫೇಬರ್ ಎಂಬಿಬ್ಬರು ವಿದ್ಯುದ್ಯಂತ್ರಗಳಲ್ಲಿ ಅಭ್ರಕಕ್ಕೆ ಬದಲಾಗಿ ಬಳಸಲು ಇಂತಹ ಪದಾರ್ಥವನ್ನು ಸಿದ್ಧಪಡಿಸಿದರು. "ಮೈಕಾಕ್ಕೆ ಬದಲು" ಎಂಬರ್ಥದಲ್ಲಿಯೇ ಅದಕ್ಕೆ ಫಾರ್ಮೈಕಾ ಎಂಬ ಹೆಸರಾಯಿತು. ಈಗಿನ ಹಾಳೆಯಲ್ಲಿರುವುದು ಕಾಗದವೇ. ಒಳಪದರಗಳಿಗೆ ಫಿನಾಲ್ ರಾಳವನ್ನೂ ಬಣ್ಣದ ಮೇಲ್ಪದರಕ್ಕೆ ಮೆಲಮೀನ್ ರಾಳವನ್ನೂ ಕುಡಿಸಿ, ಅಧಿಕವಾದ ಶಾಖ ಮತ್ತು ಒತ್ತಡದಲ್ಲಿ ಏಕಶರೀರವಾಗಿ ಮಾಡಿರುವರು. ಮೇಲ್ಪದರವು ಬಹು ಗಡುಸು. ಗಡುಸಾದುದು ಬಾಗಲಾರದೆ ಸಿಡಿಯುವುದು ಸಹಜ.

ಅಲಗಿನ ಅಂಚುಗಳು ಕತ್ತರಿಸುವುವು. ಅದರ ನಡುಭಾಗವಾದರೋ ಕತ್ತರಿಸದೆ ನೂಕುವುದು. ಅಲಗು ಹೊರಬೀಳುವ ಕ್ಷಣದಲ್ಲಿ ಉಳಿದಿರುವ ತೆಳುಪದರಕ್ಕೆ ಹಿಂದೆ ಆಸರೆಯಿಲ್ಲದಿದ್ದರೆ ಅದು ಚಕ್ಕೆಯಾಗಿ ಎದ್ದುಹೋಗುವುದು. ಹುಡುಗನ ಕೈಯಲ್ಲಿ ದೋಷವಿರಲಿಲ್ಲ. ಹಾಳೆಗೆ ಬೆನ್ನಾಸರೆ ಇರಲಿಲ್ಲ.

ಆದುದರಿಂದ ಗೃಹಸ್ಥರು ಹೀಗೆ ಮಾಡತಕ್ಕದ್ದು. ಹಾಳೆಯ ಕೆಳಗೆ ಸಮತಟ್ಟಾದ ಹಳೆಯ ಹಲಗೆಯನ್ನಿಟ್ಟು, ಸಾಧ್ಯವಾದರೆ ಮೇಲೆಯೂ ತೆಳುಹಲಗೆಯೊಂದನ್ನಿಟ್ಟು, ಸಂದಿಲ್ಲದಂತೆ ಹಿಡಿಕೆಗಳಿಂದ ಬಿಗಿಯಬೇಕು. ಬಣ್ಣದ ಮುಖವು ಮೇಲಿರಲಿ. ಗುರುತಿನ ಮೇಲೆ ಕಾಗದದ ಅಂಟುಪಟ್ಟಿ ಹಚ್ಚಿದರೆ ಅಲಗು ಜಾರದು; ಸುತ್ತಿಗೆಯಿಂದ ಗುಳಿ ಹೊಡೆಯಬಾರದು. ಅಲಗು ಹೊಸದಾಗಿ ಹರಿತವಾಗಿರಬೇಕು; ನಡುವೆ ಮುಳ್ಳೂ ಅಂಚಿನಲ್ಲಿ ಹಲ್ಲುಗಳೂ ಉಳ್ಳ ಮರದ ಅಲಗು ಉತ್ತಮ. ಗೋಡೆ ಕೊರೆಯುವ ಬಡಿತವನ್ನು ತಪ್ಪದೆ ನಿಲ್ಲಿಸಬೇಕು. ಮೊದಲು ಯಂತ್ರವನ್ನು ಹಿಮ್ಮುಖವಾಗಿ ಕ್ಷಣಕಾಲ ತಿರುಗಿಸಿದರೆ ಮೇಲ್ಮೈಯಲ್ಲಿ ಗೀರು ಬೀಳುವುದು. ಆಮೇಲೆ ಮುಮ್ಮುಖವಾಗಿ ಕೊರೆಯಬೇಕು. ವೇಗವಿರಲಿ, ಒತ್ತಡ ಬೇಡ. ಕೊನೆಯಲ್ಲಿ ಕೈಯನ್ನು ಇನ್ನೂ ಹಗುರ ಮಾಡಬೇಕು. ದೊಡ್ಡ ರಂಧ್ರ ಬೇಕಾದಲ್ಲಿ ಸೂಚೀಕಟಾಹನ್ಯಾಯದಂತೆ ಮೊದಲು ಚಿಕ್ಕದು, ಅನಂತರ ದೊಡ್ಡದು. ಚಕ್ಕೆಯು ಕಣ್ಣಿಗೆ ಹಾರುವುದರಿಂದ ಕನ್ನಡಕವನ್ನು ಮರೆಯಬಾರದು.

ಇನ್ನೊಂದು ಮಾತು. ಈ ಹಾಳೆಯು ಮಳೆಗಾಲದ ತೇವಕ್ಕೆ ಹಿಗ್ಗಿ, ಬೇಸಗೆಯಲ್ಲಿ ಕುಗ್ಗುವುದು. ರಂಧ್ರವು ಮೊಳೆಗಿಂತ ಅರ್ಧ ಮಿಲಿಮೀಟರಾದರೂ ಅಗಲವಾಗಿರದಿದ್ದರೆ, ಇಂದು ನಿರ್ಮಲವಾಗಿ ಕೊರೆದುದೂ ಮುಂದೆ ಬಿರಿಯಬಹುದು. ಬೀಗಕ್ಕೆ ಚೌಕವಾದ ಕಂಡಿ ಬೇಕಾದಲ್ಲಿ ಮೂಲೆಗಳಲ್ಲಿ ಮೊದಲು ದುಂಡು ರಂಧ್ರಗಳನ್ನು ಮಾಡಿ, ಬಳಿಕ ನಡುವೆ ಗರಗಸವಾಡಿಸಬೇಕು. ಚೂಪಾದ ಮೂಲೆಯಿಂದಲೇ ಬಿರುಕು ಹೊರಡುವುದು.

ಸಂಜೆಯೊಳಗೆ ಉಳಿದ ಹತ್ತು ರಂಧ್ರಗಳನ್ನೂ ಹುಡುಗನು ಒಂದು ಚಕ್ಕೆಯೂ ಏಳದಂತೆ ಕೊರೆದನು. ಸಿಡಿದ ಸ್ಥಳಕ್ಕೆ ಹಿತ್ತಾಳೆಯ ಬಿಲ್ಲೆಯೊಂದನ್ನು ಮೊಳೆಯಡಿಯಲ್ಲಿಟ್ಟೆವು. ಕೂಲಿಯನ್ನು ಪೂರ್ಣವಾಗಿ ಕೊಟ್ಟೆನು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ, ಆ ಬಿಲ್ಲೆಯು ಕಣ್ಣಿಗೆ ಬಿದ್ದಾಗಲೆಲ್ಲ, ಬೆನ್ನಾಸರೆಯಿಲ್ಲದೆ ಒತ್ತಿ ನಾನೇ ಸಿಡಿಸಿದ ಒಂದೆರಡು ಮುಖಗಳು ನೆನಪಾಗುವುವು.