ಚೀಟಿಯಲ್ಲಿದ್ದ 112

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗೂಡು ಕೊಳ್ಳುವ ರೀಲರ್ ಒಬ್ಬರು ಒಂದು ಸಂಜೆ ನಮ್ಮ ಮನೆಯ ಜಗಲಿಗೆ ಬಂದು ಕುಳಿತರು. ಅವರ ಮಗ ನನ್ನ ಶಿಷ್ಯ. ಕೈಯಲ್ಲೊಂದು ಲ್ಯಾಬಿನ ಚೀಟಿ.

"ಮೇಷ್ಟ್ರೇ, ಕ್ರಿಯಾಟಿನಿನ್ 112 ಬಂದೈತೆ. ನಮ್ಮ ಬೀದಿಯೋರಿಗೆ ಏಳಿದ್ದಾಗಲೇ ಡಯಾಲಿಸಿಸ್ ಅಂದಿದ್ರು. ನನ್ ಕಥೆ ಮುಗೀತು ಅಲ್ವಾ?"

ಮೂರು ರಾತ್ರಿ ನಿದ್ದೆಯೇ ಬಂದಿರಲಿಲ್ಲವಂತೆ. ಚೀಟಿ ನೋಡಿದೆ. ಆ 112 ರಕ್ತದ್ದಲ್ಲ, ಮೂತ್ರದ್ದು!

ನಮ್ಮ ಸ್ನಾಯುಗಳಲ್ಲಿ ಕ್ರಿಯಾಟಿನ್ ಎಂಬ ವಸ್ತುವಿದೆ. ಅದರಲ್ಲಿ ದಿನಕ್ಕೆ ನೂರಕ್ಕೆ ಒಂದೆರಡು ಪಾಲು ಕ್ರಿಯಾಟಿನಿನ್ ಎಂಬ ಕಸವಾಗಿ ರಕ್ತಕ್ಕೆ ಸೇರುತ್ತದೆ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಒಂದೂವರೆ ಲೀಟರಿನಷ್ಟನ್ನು ಹೊರಹಾಕಿ, ಉಳಿದದ್ದನ್ನು ಮರಳಿ ರಕ್ತಕ್ಕೆ ಕೊಡುತ್ತವೆ. ಕ್ರಿಯಾಟಿನಿನ್ ಮಾತ್ರ ಮರಳುವುದಿಲ್ಲ. ಆದ್ದರಿಂದಲೇ ಒಂದು ಡೆಸಿಲೀಟರ್ ರಕ್ತದಲ್ಲಿ ಒಂದು ಮಿಲಿಗ್ರಾಂ ಆಸುಪಾಸು ಇರುವ ಈ ಕಸ ಮೂತ್ರದಲ್ಲಿ ನೂರರ ಲೆಕ್ಕದಲ್ಲಿರುತ್ತದೆ. ಕಸ ಬೀದಿಯ ತೊಟ್ಟಿಯಲ್ಲಿದ್ದರೆ ಮನೆ ಗುಡಿಸಿದ್ದಾರೆ ಎಂದರ್ಥ. ಒಳಗೇ ಉಳಿದರೆ ತಾನೆ ತೊಂದರೆ?

ಇದನ್ನು ಅಳೆಯುವ ಬಗೆಯೂ ಸ್ವಾರಸ್ಯದ್ದು. ಪ್ರತ್ಯಾಮ್ಲದೊಡನೆ ಪಿಕ್ರಿಕ್ ಆಮ್ಲ ಬೆರೆಸಿದರೆ ಕಿತ್ತಳೆಗೆಂಪು ಬಣ್ಣ ಬರುತ್ತದೆಂದು ಮ್ಯಾಕ್ಸ್ ಯಾಫೆ 1886ರಲ್ಲಿ ಕಂಡುಕೊಂಡ. ಇಂದಿಗೂ ಎಷ್ಟೋ ಲ್ಯಾಬುಗಳು ನೆಚ್ಚಿರುವುದು ಆ ಬಣ್ಣವನ್ನೇ.

ಇಪ್ಪತ್ನಾಲ್ಕು ಗಂಟೆಯ ಮೂತ್ರ ಸಂಗ್ರಹಿಸುವ ಪರೀಕ್ಷೆಯೂ ಒಂದಿದೆ. ಬೆಳಗಿನ ಮೊದಲ ಮೂತ್ರವನ್ನು ಚೆಲ್ಲಿ, ಅಲ್ಲಿಂದ ಮರುದಿನದ ಮೊದಲ ಮೂತ್ರದವರೆಗೆ ಎಲ್ಲವನ್ನೂ ಕ್ಯಾನಿನಲ್ಲಿ ಹಿಡಿಯಬೇಕು. ಮಾಗಡಿಯ ನಮ್ಮ ಭಾವ ಕ್ಯಾನನ್ನು ಮನೆಯಲ್ಲೇ ಬಿಟ್ಟು ಕನಕಪುರದ ಮದುವೆಗೆ ಹೋಗಿಬಂದರು! ಅರ್ಧ ದಿನದ ಮೂತ್ರವೇ ಇಲ್ಲ. ಮೂತ್ರಪಿಂಡ ಅರ್ಧ ಕೆಟ್ಟಿದೆಯೆಂದು ಲೆಕ್ಕ ಬಂತು. ಅಕ್ಕ ಅತ್ತದ್ದೇ ಅತ್ತದ್ದು. ಮತ್ತೆ ಸರಿಯಾಗಿ ಹಿಡಿದುಕೊಟ್ಟ ಮೇಲೆ ಎಲ್ಲ ಸರಿ ಬಂತೆನ್ನಿ.

ಈ ಪೇಚಾಟ ತಪ್ಪಿಸುವುದು ಒಂದೇ ಸಲದ ಮೂತ್ರದಲ್ಲಿ ಮಾಡುವ ಅನುಪಾತದ ಪರೀಕ್ಷೆ. ಮೂತ್ರಪಿಂಡದ ಜರಡಿ ಹಾಳಾಗತೊಡಗಿದರೆ ಆಲ್ಬುಮಿನ್ ಎಂಬ ಪ್ರೋಟೀನು ಸೋರುತ್ತದೆ. ಆದರೆ ಹೆಚ್ಚು ನೀರು ಕುಡಿದವನ ಮೂತ್ರದಲ್ಲಿ ಅದು ತೆಳುವಾಗಿ ಕಾಣಿಸುತ್ತದಲ್ಲ? ಸಾರಿಗೆ ಒಂದು ಚೊಂಬು ನೀರು ಸುರಿದರೆ ಉಪ್ಪು, ಹುಳಿ ಎರಡೂ ಸಪ್ಪೆಯಾಗುತ್ತವೆ. ಒಂದಕ್ಕೆ ಇನ್ನೊಂದು ಎಷ್ಟು ಎಂಬ ಲೆಕ್ಕ ಬದಲಾಗುವುದಿಲ್ಲ. ಹಾಗೆಯೇ ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಎಷ್ಟು ಮಿಲಿಗ್ರಾಂ ಆಲ್ಬುಮಿನ್ ಎಂದು ನೋಡುತ್ತಾರೆ. 30ರ ಒಳಗಿರಬೇಕು.

ನಮ್ಮ ರೀಲರ್ ನೋಡಬೇಕಾಗಿದ್ದ ಅಂಕಿ ಅದೇ ಚೀಟಿಯ ಕೊನೆಯ ಸಾಲಿನಲ್ಲಿತ್ತು: 86. ಅದನ್ನು ಅವರು ಗಮನಿಸಿಯೇ ಇರಲಿಲ್ಲ. ರಕ್ತದ ಕ್ರಿಯಾಟಿನಿನ್ 0.9 ಮಾತ್ರ. ಆದರೆ ಮೂತ್ರಪಿಂಡದ ಕೆಲಸ ಅರ್ಧದಷ್ಟು ಕುಸಿಯುವವರೆಗೂ ರಕ್ತದ ಅಂಕಿ ಸುಮ್ಮನಿದ್ದುಬಿಡಬಹುದು. ಮೂತ್ರ ಮೊದಲೇ ಸುಳಿವು ಕೊಡುತ್ತದೆ. ಅವರಿಗೆ ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ. ಸೊಂಟನೋವಿಗೆಂದು ಮೆಡಿಕಲ್ ಅಂಗಡಿಯಿಂದ ಮಾತ್ರೆ ತಂದು ನುಂಗುವ ಅಭ್ಯಾಸ ಬೇರೆ. ನೋವಿನ ಮಾತ್ರೆಗಳಲ್ಲಿ ಹಲವು ಮೂತ್ರಪಿಂಡಕ್ಕೆ ಶತ್ರುಗಳು. ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವರೂ ಬೆನ್ನುನೋವಿಗೆ ಹೀಗೆಯೇ ನುಂಗುವುದನ್ನು ಕಂಡಿದ್ದೇನೆ.

"ಹೆದರಬೇಡಿ, ಆದರೆ ಸುಮ್ಮನೆ ಕೂರಲೂಬೇಡಿ" ಎಂದೆ. ಜ್ವರ, ಮೂತ್ರದ ಸೋಂಕು, ಮೈಮುರಿಯುವ ದುಡಿಮೆ ಇದ್ದರೂ ಆಲ್ಬುಮಿನ್ ಏರುತ್ತದೆ. ಆದ್ದರಿಂದ ಮೂರು ತಿಂಗಳೊಳಗೆ ಮತ್ತೆ ಪರೀಕ್ಷಿಸಿ, ಮೂರರಲ್ಲಿ ಎರಡು ಸಲ ಹೆಚ್ಚಿದ್ದರೆ ಮಾತ್ರ ನಿಜವೆಂದು ವೈದ್ಯರು ಒಪ್ಪುತ್ತಾರೆ. ಇವರದು ಎರಡನೆಯ ಸಲವೂ ಹೆಚ್ಚೇ ಬಂತು. ವೈದ್ಯರು ರಕ್ತದೊತ್ತಡಕ್ಕೆ ಮಾತ್ರೆ ಬರೆದು, ಸಕ್ಕರೆಯ ಔಷಧಿ ಬದಲಿಸಿ, ನೋವಿನ ಮಾತ್ರೆ ಬಿಡಿಸಿದರು.

ಮೊನ್ನೆ ಮತ್ತೆ ಬಂದಿದ್ದರು. ಅನುಪಾತ 41ಕ್ಕೆ ಇಳಿದಿದೆ. ಈ ಸಲ ಅವರ ಕೈಯಲ್ಲಿ ಎರಡು ಚೀಟಿ. ಇನ್ನೊಂದು ಹೆಂಡತಿಯದು.